ಹಳೇ ಸೈಟಿನ ಲೇಖನ, ಕಾಮೆಂಟ್ ಸಾಗಿಸಲು ಸ್ವಂತ ಸ್ಕ್ರಿಪ್ಟ್: ಎಲ್ಲಿಂದ ಶುರು ಮಾಡಲಿ?

ಉದ್ದಗೆರೆ:

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷ ಹಳೆಯ ಸೈಟೊಂದು ನನ್ನ ಕೈಯಲ್ಲಿದೆ. ಲೇಖನ 2,860, ಅವುಗಳ ಕೆಳಗೆ ಓದುಗರ ಕಾಮೆಂಟ್ 14,212. ಗೆಳೆಯನೊಬ್ಬ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೈಯಾರೆ ಕಟ್ಟಿಕೊಟ್ಟದ್ದು. ಅವನಿಗೆ ಈಗ ಪುರುಸೊತ್ತಿಲ್ಲ, ಕೋಡಿನಲ್ಲಿ ಒಂದು ಸಾಲಿನ ಟಿಪ್ಪಣಿಯೂ ಇಲ್ಲ. ಇದನ್ನೆಲ್ಲ ಸೈಟ್ ನಡೆಸುವ ಸಿದ್ಧ ತಂತ್ರಾಂಶವಾದ ವರ್ಡ್‌ಪ್ರೆಸ್‌ಗೆ ಸಾಗಿಸಬೇಕು.

ಮೊದಲು ಸಿದ್ಧ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ಒಂದನ್ನು ಹಾಕಿ ನೋಡಿದೆ. ಹಳೇ ಡೇಟಾಬೇಸಿನಿಂದ ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯಪಟ್ಟಿ) ತೆಗೆದುಕೊಟ್ಟೆ. 612 ಲೇಖನ ಒಳಗೆ ಹೋದವು, ಆಮೇಲೆ ಬಿಳಿ ಪುಟ. ಏನೋ ನೆಟ್ ಕೈಕೊಟ್ಟಿರಬೇಕು ಎಂದುಕೊಂಡು ಮತ್ತೆ ಒತ್ತಿದೆ. ಮತ್ತೆ ಅಲ್ಲಿಗೇ ನಿಂತಿತು, ಆದರೆ ಈಗ ಆ 612 ಎರಡೆರಡು ಇವೆ.

ಒಳಗೆ ಹೋದವೂ ನೆಟ್ಟಗಿಲ್ಲ. ಹಳೆಯ ಲೇಖನಗಳಲ್ಲಿ ಕನ್ನಡದ ಬದಲು ತಲೆ ಮೇಲೆ ಓರೆಗೆರೆ ಎಳೆದ ಇಂಗ್ಲಿಷಿನ 'ಎ', ಅದರ ಪಕ್ಕ ಪುಟಾಣಿ 2 ಅಥವಾ 3, ಹೀಗೆ ಪುಟಗಟ್ಟಲೆ. ಹೊಸ ಲೇಖನಗಳು ಸರಿಯಾಗಿವೆ. ತಮಾಷೆ ಅಂದರೆ ಹಳೇ ಸೈಟಿನಲ್ಲಿ ನೋಡಿದರೆ ಎರಡೂ ಸರಿಯಾಗೇ ಕಾಣುತ್ತವೆ! ಕೆಲವು ಲೇಖನಗಳ ದಿನಾಂಕ ಒಂದು ದಿನ ಹಿಂದಕ್ಕೆ ಹೋಗಿದೆ. ಕೆಲವು ಕಾಮೆಂಟ್ ವಾಕ್ಯದ ನಡುವೆಯೇ ತುಂಡಾಗಿವೆ. ಇನ್ನು ಕಾಮೆಂಟಿನ ಸಿಎಸ್‌ವಿಯಲ್ಲಿ ಸಾಲು ಎಣಿಸಿದರೆ 19 ಸಾವಿರಕ್ಕೂ ಹೆಚ್ಚು. ಇಲ್ಲದ ಐದು ಸಾವಿರ ಎಲ್ಲಿಂದ ಬಂತೋ ಗೊತ್ತಿಲ್ಲ.

ನನಗೆ ಪೈಥಾನ್ ಅಷ್ಟಿಷ್ಟು ಬರುತ್ತದೆ. ಫೈಲ್ ಓದುವುದು, ಲೂಪ್ ಬರೆಯುವುದು, ಪ್ರಿಂಟ್ ಮಾಡಿ ನೋಡುವುದು, ಅಷ್ಟೇ. ಇಷ್ಟು ಬಂಡವಾಳದಲ್ಲಿ ಸ್ವಂತ ಸ್ಕ್ರಿಪ್ಟ್ ಬರೆಯಬಹುದೇ, ಅಥವಾ ಪ್ಲಗಿನ್ನಿನ ಸೆಟ್ಟಿಂಗ್ ತಿರುವುತ್ತ ಕೂರಲೇ?

ಅಲ್ಪವಿರಾಮ:

ಬರೆಯಬಹುದು. ಎರಡು ಗಂಟು ಈಗಲೇ ಬಿಚ್ಚುತ್ತೇನೆ.

19 ಸಾವಿರ ಸಾಲು: ಕಾಮೆಂಟ್ ಬರೆಯುವವರು ಎಂಟರ್ ಒತ್ತುತ್ತಾರಲ್ಲ, ಅವು ಸಿಎಸ್‌ವಿಯಲ್ಲಿ ಉದ್ಧರಣ ಚಿಹ್ನೆಯೊಳಗೆ ಹಾಗೇ ಉಳಿಯುತ್ತವೆ. ಒಂದು ದಾಖಲೆ ನಾಲ್ಕು ಸಾಲಿಗೆ ಹರಡಿರಬಹುದು. ಅಲ್ಪವಿರಾಮ ಕಂಡಲ್ಲಿ ಕತ್ತರಿಸುವ ಕೋಡ್ ಬರೆದರೆ ಎಲ್ಲ ಎಕ್ಕುಟ್ಟಿ ಹೋಗುತ್ತದೆ (ನನ್ನ ಹೆಸರಿಗೆ ಇದೇ ಕಾರಣ). ಪೈಥಾನಿನಲ್ಲೇ ಇರುವ ಸಿಎಸ್‌ವಿ ಮಾಡ್ಯೂಲ್ ಬಳಸಿ. ಫೈಲ್ ತೆರೆಯುವಾಗ ನ್ಯೂಲೈನ್ ಎಂಬ ಆಯ್ಕೆಗೆ ಖಾಲಿ ಸ್ಟ್ರಿಂಗ್ ಕೊಡುವುದು ಮರೆಯಬೇಡಿ.

612ಕ್ಕೆ ನಿಂತದ್ದು: ಬ್ರೌಸರಿನಿಂದ ಓಡುವ ಪಿಎಚ್‌ಪಿಗೆ ಸಮಯದ ಮಿತಿ ಇರುತ್ತದೆ, ಯಾರೂ ಬದಲಿಸದಿದ್ದರೆ 30 ಸೆಕೆಂಡ್. ಅದೇ ಕೆಲಸವನ್ನು ಕಮಾಂಡ್ ಲೈನಿನಿಂದ ಓಡಿಸಿದರೆ ಆ ಮಿತಿ ಇಲ್ಲ. ನೆಟ್ಟಿನ ತಪ್ಪೇನೂ ಇರಲಿಕ್ಕಿಲ್ಲ.

ಉಳಿದದ್ದನ್ನು ಡಂಪ್ ಅಣ್ಣ ಬಂದು ಹೇಳಲಿ, ಅವರಿಗೆ ಇದು ಇಷ್ಟದ ವಿಷಯ.

ಹರಕುಡಂಪ್:

ಕರೆದರಲ್ಲ, ಬಂದೆ. ಉದ್ದ ಬರೆಯುತ್ತೇನೆ, ಬೈಯಬೇಡಿ.

ಮೊದಲು ಹೊಸ ಸೈಟನ್ನು ಪೂರ್ತಿ ಖಾಲಿ ಮಾಡಿಕೊಳ್ಳಿ. ಎರಡೆರಡಾದದ್ದನ್ನು ಹೆಕ್ಕಿ ಅಳಿಸಲು ಕೂತರೆ ತಿಂಗಳಾದರೂ ಮುಗಿಯದು. ಖಾಲಿ ಮಾಡಿದ ಮೇಲೆ ಮೇಲ್ ಕಳಿಸುವ ವ್ಯವಸ್ಥೆಯನ್ನು ಬಂದ್ ಮಾಡಿ. ಇದು ಎರಡನೇ ಕೆಲಸ, ನಗಬೇಡಿ. ನಾನು ಮೊದಲ ಸಲ ಇಂಥ ಸಾಗಣೆ ಮಾಡಿದಾಗ ಸ್ಕ್ರಿಪ್ಟ್ ಒಂದೇ ಏಟಿಗೆ ಓಡಿತು, ಬಹಳ ಖುಷಿಯಾಯಿತು. ಹತ್ತು ನಿಮಿಷದಲ್ಲಿ ಫೋನ್ ಮೇಲೆ ಫೋನ್. ಪ್ರತಿ ಲೇಖನ ಒಳಗೆ ಹೋದಾಗಲೂ ಸೈಟು ತನ್ನ ಚಂದಾದಾರರಿಗೆಲ್ಲ 'ಹೊಸ ಲೇಖನ ಪ್ರಕಟವಾಗಿದೆ' ಎಂದು ಪತ್ರ ಹಾಕುತ್ತಿತ್ತು. ಒಬ್ಬೊಬ್ಬರಿಗೂ 340 ಮೇಲ್. ಕ್ಷಮೆ ಕೇಳಲು ಇನ್ನೊಂದು ಮೇಲ್ ಕಳಿಸಬೇಕಾಗಿ ಬಂತು, ಅಲ್ಲಿಗೆ 341.

ಈಗ ವಿಷಯಕ್ಕೆ. ಇಂಥ ಸ್ಕ್ರಿಪ್ಟನ್ನು ಒಂದೇ ಸಲ ಓಡಿಸಿ ಬಿಸಾಡುತ್ತೇವೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಬರೆದ ಯಾವುದೂ ಇಪ್ಪತ್ತು ಸಲಕ್ಕಿಂತ ಕಡಿಮೆ ಓಡಿಲ್ಲ. ಆದ್ದರಿಂದ ಅದಕ್ಕೆ ಇರಲೇಬೇಕಾದ ಗುಣ ಒಂದೇ: ಎಷ್ಟು ಸಲ ಓಡಿಸಿದರೂ ಫಲಿತಾಂಶ ಒಂದೇ ಆಗಿರಬೇಕು. ನಿಮ್ಮ ಪ್ಲಗಿನ್ನಿಗೆ ಇಲ್ಲದ್ದು ಅದೇ. ಮಾಡುವುದು ಸುಲಭ. ಪ್ರತಿ ಲೇಖನದ ಜೊತೆ ಅದರ ಹಳೇ ಐಡಿಯನ್ನೂ ಹೊಸ ಸೈಟಿನಲ್ಲಿ ಬರೆದಿಡಿ, ವರ್ಡ್‌ಪ್ರೆಸ್‌ನಲ್ಲಿ ಲೇಖನದ ಜೊತೆ ಹೆಚ್ಚುವರಿ ವಿವರ ಇಡುವ ಪೋಸ್ಟ್‌ಮೆಟಾ ಇರುವುದೇ ಇಂಥದ್ದಕ್ಕೆ. ಹಾಕುವ ಮುನ್ನ 'ಈ ಹಳೇ ಐಡಿ ಆಗಲೇ ಇದೆಯೇ' ಎಂದು ಕೇಳಿ. ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು. ಅಷ್ಟಾದರೆ 612ಕ್ಕೆ ನಿಂತರೂ ಚಿಂತೆಯಿಲ್ಲ, ಮತ್ತೆ ಒತ್ತಿದರೆ 613ರಿಂದ ಮುಂದುವರಿಯುತ್ತದೆ.

ಒಂದೇ ಫೈಲಿನಲ್ಲಿ ಎಲ್ಲ ತುರುಕಬೇಡಿ. ನನ್ನದು ಯಾವಾಗಲೂ ಮೂರು ಫೈಲು: ತೆಗೆ, ತೊಳೆ, ತುಂಬು. 'ತೆಗೆ' ಹಳೇ ಡೇಟಾಬೇಸಿನಿಂದ ಇದ್ದದ್ದನ್ನು ಇದ್ದ ಹಾಗೇ ಎತ್ತಿ, ಒಂದು ಸಾಲಿಗೊಂದು ಜೇಸನ್ (ಹೆಸರು, ಮೌಲ್ಯ ಎಂದು ಜೋಡಿಯಾಗಿ ಬರೆಯುವ ಪಠ್ಯರೂಪ) ದಾಖಲೆಯಂತೆ ಬರೆದಿಡುತ್ತದೆ. ಜೇಸನ್‌ನಲ್ಲಿ ಎಂಟರ್ ಕೂಡ ಒಂದು ಚಿಹ್ನೆಯಾಗಿ ಒಳಗೇ ಅಡಗುವುದರಿಂದ ಸಾಲು ಎಣಿಸಿದರೆ ದಾಖಲೆ ಎಣಿಸಿದಂತೆ. ಅಲ್ಪವಿರಾಮ ಅವರ ಸಂಕಟ ಅಲ್ಲಿಗೆ ಮುಗಿಯಿತು. 'ತೊಳೆ' ಆ ಫೈಲನ್ನು ಓದಿ ಇನ್ನೊಂದು ಫೈಲ್ ಮಾಡುತ್ತದೆ. ಅದು ಯಾವ ಡೇಟಾಬೇಸನ್ನೂ ಮುಟ್ಟುವುದಿಲ್ಲ, ಹಾಗಾಗಿ ಹೆದರಿಕೆಯಿಲ್ಲದೆ ದಿನಕ್ಕೆ ನೂರು ಸಲ ಓಡಿಸಿ ನೋಡಬಹುದು. 'ತುಂಬು' ಮಾತ್ರ ಹೊಸ ಸೈಟನ್ನು ಮುಟ್ಟುತ್ತದೆ. ನಿಮ್ಮ ಸಮಯದಲ್ಲಿ ಮುಕ್ಕಾಲು ಪಾಲು 'ತೊಳೆ'ಗೇ ಹೋಗುತ್ತದೆ, ಈಗಲೇ ಹೇಳಿದ್ದೇನೆ.

ಆ ಓರೆಗೆರೆಯ 'ಎ' ಬಗ್ಗೆ. ಯುಟಿಎಫ್-8 ಎಂದರೆ ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟುಗಳಾಗಿ ಬರೆದಿಡುವ ಪದ್ಧತಿ (ಎನ್‌ಕೋಡಿಂಗ್), ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಹದಿನಾರರ ಲೆಕ್ಕದಲ್ಲಿ (ಹೆಕ್ಸ್) ಬರೆದರೆ ಮೊದಲ ಬೈಟ್ ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. ಇದೇ ಬೈಟುಗಳನ್ನು ಪಶ್ಚಿಮ ಯುರೋಪಿನ ಭಾಷೆಗಳ ಲ್ಯಾಟಿನ್-1 ಪದ್ಧತಿ ಎಂದು ತಪ್ಪು ತಿಳಿದು ಓದಿದರೆ ಇ0 ಆ ಗೆರೆ ಎಳೆದ 'ಎ' ಆಗುತ್ತದೆ, ಬಿ2 ಪುಟಾಣಿ 2, ಬಿ3 ಪುಟಾಣಿ 3. ಅಂದರೆ ನಿಮ್ಮ ಹಳೆಯ ಲೇಖನಗಳಿಗೆ ಎರಡು ಸಲ ಎನ್‌ಕೋಡಿಂಗ್ ಆಗಿದೆ. ಅಕ್ಷರ ಎಲ್ಲೂ ಕಳೆದುಹೋಗಿಲ್ಲ, ಅಂಗಿ ಮೇಲೊಂದು ಅಂಗಿ ತೊಟ್ಟಿವೆ ಅಷ್ಟೆ. ಹಳೇ ಸೈಟಿನಲ್ಲಿ ಸರಿಯಾಗಿ ಕಾಣುತ್ತವೆ ಎಂದರೆ ಅದರ ಕೋಡಿನಲ್ಲೇ ಎಲ್ಲೋ ಒಂದು ತೇಪೆ ಇರಬೇಕು. ಡೇಟಾಬೇಸ್ ಕನೆಕ್ಷನ್ ಮಾಡುವ ಜಾಗದಲ್ಲಿ ಹುಡುಕಿ.

ಇದನ್ನು ಬಿಡಿಸಲು ಪೈಥಾನಿನಲ್ಲಿ 'ಸಿಪಿ1252ಗೆ ಎನ್‌ಕೋಡ್ ಮಾಡಿ, ಯುಟಿಎಫ್-8 ಎಂದು ಡಿಕೋಡ್ ಮಾಡಿ' ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಫ್ರೆಂಚಿಗೋ ಜರ್ಮನ್ನಿಗೋ ಅದು ಸಾಕು, ಕನ್ನಡಕ್ಕೆ ನಡೆಯುವುದಿಲ್ಲ. ನನ್ನ ಎರಡು ರಾತ್ರಿ ಇದರಲ್ಲೇ ಹೋಗಿದೆ. ಸಿಪಿ1252 ಎಂದರೆ ಲ್ಯಾಟಿನ್-1ರ ವಿಂಡೋಸ್ ರೂಪ, ಆ ಕೋಷ್ಟಕದಲ್ಲಿ ಐದು ಮನೆ ಖಾಲಿ ಇವೆ: 81, 8ಡಿ, 8ಎಫ್, 90, 9ಡಿ. ನಮ್ಮ ಉಕಾರದ ಕೊಂಬು ಇದೆಯಲ್ಲ, ಅದರ ಕೊನೆಯ ಬೈಟ್ 81. ಒತ್ತಕ್ಷರ ಹುಟ್ಟಿಸುವ ಹಲಂತದ್ದು 8ಡಿ. ಏ 8ಎಫ್, ಐ 90, ಝ 9ಡಿ. ಝ ಹೋದರೆ ಹೋಗಲಿ, ಕೊಂಬೂ ಒತ್ತೂ ಇಲ್ಲದ ಕನ್ನಡ ವಾಕ್ಯ ಎಲ್ಲಿಂದ ತರುವುದು? ಸ್ಕ್ರಿಪ್ಟ್ ಮೊದಲ ಸಾಲಿನಲ್ಲೇ ಎರರ್ ಕೊಟ್ಟು ಮಲಗುತ್ತದೆ. ಎರರ್ ಬಂದದ್ದನ್ನು ಬಿಟ್ಟುಬಿಡು ಎಂದು ಇಗ್ನೋರ್ ಹಾಕಿದಿರೋ, ಕೊಂಬು ಒತ್ತುಗಳೆಲ್ಲ ಉದುರಿ ಬೋಳು ಕನ್ನಡ ಉಳಿಯುತ್ತದೆ. ಅದನ್ನು ಮತ್ತೆ ಸರಿ ಮಾಡುವ ದಾರಿಯೇ ಇಲ್ಲ.

ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್ ತನ್ನ ಲ್ಯಾಟಿನ್-1ರಲ್ಲಿ ಆ ಐದು ಮನೆಗಳನ್ನೂ ತುಂಬಿಕೊಂಡಿದೆ. ಆದ್ದರಿಂದ ಈ ಕೆಲಸವನ್ನು ಅದರ ಕೈಯಲ್ಲೇ ಮಾಡಿಸಿ. 'ತೆಗೆ'ಯ ಸೆಲೆಕ್ಟ್ (ಡೇಟಾ ಕೇಳುವ ಆಜ್ಞೆ) ಒಳಗೇ ಕಾಲಮನ್ನು ಮೊದಲು ಲ್ಯಾಟಿನ್-1ಕ್ಕೆ ಕನ್ವರ್ಟ್ ಮಾಡಿ, ಬಂದದ್ದನ್ನು ಬೈನರಿಯಾಗಿ ಕ್ಯಾಸ್ಟ್ ಮಾಡಿ, ಆ ಬೈನರಿಯನ್ನು ಯುಟಿಎಫ್8ಎಂಬಿ4ಕ್ಕೆ (ಮೈಎಸ್‌ಕ್ಯೂಎಲ್‌ನಲ್ಲಿ ಪೂರ್ತಿ ಯುಟಿಎಫ್-8ರ ಹೆಸರು) ಕನ್ವರ್ಟ್ ಮಾಡಿ. ಮೂರೂ ಒಂದರೊಳಗೊಂದು. ಆದರೆ ಕೆಟ್ಟ ಲೇಖನಗಳಿಗೆ ಮಾತ್ರ! ಚೆನ್ನಾಗಿರುವ ಕನ್ನಡಕ್ಕೆ ಇದನ್ನು ಮಾಡಿದರೆ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಯಾವುದು ಕೆಟ್ಟದ್ದು ಎಂದು ಪತ್ತೆ ಮಾಡುವುದು ಸುಲಭ: ಗೆರೆಯ 'ಎ' ಪಕ್ಕದಲ್ಲಿ ಪುಟಾಣಿ 2 ಅಥವಾ 3 ಇದ್ದರೆ ಅದು ಕೆಟ್ಟದ್ದು. ಸಹಜ ಬರವಣಿಗೆಯಲ್ಲಿ ಆ ಜೋಡಿ ಬರುವುದೇ ಇಲ್ಲ ಎನ್ನಬಹುದು.

ತುಂಡಾದ ಕಾಮೆಂಟು: ತುಂಡಾದ ಜಾಗದಲ್ಲಿ ಎಮೋಜಿ ಇದ್ದಿರಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಬರೀ ಯುಟಿಎಫ್8 ಎಂದು ಕರೆಸಿಕೊಳ್ಳುತ್ತಿದ್ದದ್ದು 3 ಬೈಟಿನವರೆಗೆ ಮಾತ್ರ. ಕನ್ನಡಕ್ಕೆ ಸಾಕು, ಎಮೋಜಿಗೆ 4 ಬೇಕು. ತಪ್ಪು ಡೇಟಾ ಬಂದರೆ ಎರರ್ ಕೊಡುವ ಸ್ಟ್ರಿಕ್ಟ್ ಮೋಡ್ ಇಲ್ಲದ ಕಾಲದಲ್ಲಿ ಅದು ಎಮೋಜಿ ಕಂಡ ಜಾಗದಿಂದ ಮುಂದಿನದನ್ನೆಲ್ಲ ಸದ್ದಿಲ್ಲದೆ ಕತ್ತರಿಸಿ ಎಸೆಯುತ್ತಿತ್ತು. ಅದು ಬರೆದ ದಿನವೇ ಹೋದದ್ದು, ನಿಮ್ಮ ಪ್ಲಗಿನ್ನಿನ ತಪ್ಪಲ್ಲ, ಯಾವ ಸ್ಕ್ರಿಪ್ಟೂ ಡೇಟಾಬೇಸಿನಿಂದ ಅದನ್ನು ವಾಪಸ್ ತರಲಾರದು.

ದಿನಾಂಕ: ಹಿಂದಕ್ಕೆ ಹೋದವೆಲ್ಲ ನಡುರಾತ್ರಿಯಿಂದ ಬೆಳಗಿನ ಐದೂವರೆಯೊಳಗೆ ಹಾಕಿದವೇ ನೋಡಿ. ಸ್ಥಳೀಯ ಸಮಯವನ್ನು ಐದೂವರೆ ಗಂಟೆ ಹಿಂದಿರುವ ಯುಟಿಸಿಗೆ (ಜಾಗತಿಕ ಸಮಯ) ಇಳಿಸಿ, ಅದನ್ನೇ ಸ್ಥಳೀಯ ಎಂದು ಬರೆದಿದೆ. ಹೊಸ ಸೈಟಿನ ಟೈಮ್‌ಝೋನ್ ಮೊದಲೇ ಸರಿಯಾಗಿ ಇಟ್ಟರೆ ಮುಗಿಯಿತು.

ತುಂಬುವ ಕ್ರಮ: ಲೇಖಕರು, ವಿಭಾಗಗಳು, ಆಮೇಲೆ ಲೇಖನ, ಕೊನೆಗೆ ಕಾಮೆಂಟ್. ಕಾಮೆಂಟನ್ನು ಹಳೇ ಐಡಿ ಪ್ರಕಾರ ಏರಿಕೆಯಲ್ಲಿ ಹಾಕಿ, ಆಗ ಉತ್ತರಕ್ಕಿಂತ ಮೊದಲು ಪ್ರಶ್ನೆ ಒಳಗೆ ಹೋಗಿರುತ್ತದೆ. ಡೇಟಾಬೇಸಿಗೆ ನೇರವಾಗಿ ಬರೆಯಬೇಡಿ, ರೆಸ್ಟ್ ಎಪಿಐ (ಬೇರೆ ಪ್ರೋಗ್ರಾಂಗಳಿಗೆಂದು ವರ್ಡ್‌ಪ್ರೆಸ್ ತೆರೆದಿಟ್ಟ ಬಾಗಿಲು) ಮೂಲಕ ಹೋಗಿ. ವರ್ಡ್‌ಪ್ರೆಸ್ 5.6ನೇ ಆವೃತ್ತಿಯಿಂದ ಅಪ್ಲಿಕೇಶನ್ ಪಾಸ್‌ವರ್ಡ್ (ಸ್ಕ್ರಿಪ್ಟಿಗೆಂದೇ ಕೊಡುವ ಪಾಸ್‌ವರ್ಡ್) ಇದೆ, ಲಾಗಿನ್ ತಲೆನೋವೂ ಇಲ್ಲ.

ನೇರಕ್ವೆರಿ:

ಡಂಪ್ ಅವರ ಎಲ್ಲಕ್ಕೂ ಸೈ, ಕೊನೆಯ ಪ್ಯಾರಾ ಬಿಟ್ಟು. ಲೇಖನಕ್ಕೆ ಎಪಿಐ ಸರಿ. ಕಾಮೆಂಟಿಗೆ ಬೇಡ. ಒಂದೇ ಲೇಖನದ ಕೆಳಗೆ ಒಂದೇ ಹೆಸರಿನವರು ಒಂದೇ ಮಾತನ್ನು ಎರಡು ಸಲ ಬರೆದಿದ್ದರೆ ವರ್ಡ್‌ಪ್ರೆಸ್ ಎರಡನೆಯದನ್ನು ನಕಲು ಎಂದು ತಿರಸ್ಕರಿಸುತ್ತದೆ. ಹನ್ನೊಂದು ವರ್ಷದಲ್ಲಿ 'ಚೆನ್ನಾಗಿದೆ' ಎಂದು ಎರಡು ಸಲ ಬರೆದವರು ಇಲ್ಲದೆ ಇರುತ್ತಾರೆಯೇ? ಜೊತೆಗೆ 14 ಸಾವಿರ ಕೋರಿಕೆ ಒಂದೊಂದಾಗಿ. ನಾನಾದರೆ ಕಾಮೆಂಟ್ ಟೇಬಲ್ಲಿಗೆ ನೇರ ಇನ್ಸರ್ಟ್, ಒಂದು ಟ್ರಾನ್ಸಾಕ್ಷನ್ನಿನೊಳಗೆ. ಸರಿ ಬಂದರೆ ಕಮಿಟ್ (ಕಾಯಂ ಮಾಡು), ಇಲ್ಲದಿದ್ದರೆ ರೋಲ್‌ಬ್ಯಾಕ್ (ಎಲ್ಲವೂ ಮೊದಲಿನಂತೆ). ಟೇಬಲ್ ಇನೋಡಿಬಿ ಬಗೆಯದೇ ಎಂದು ನೋಡಿಕೊಳ್ಳಿ, ಮೈಐಸ್ಯಾಮ್ ಬಗೆಯದಾದರೆ ರೋಲ್‌ಬ್ಯಾಕ್ ಎಂದರೂ ಬರೆದದ್ದು ಹಾಗೇ ಉಳಿಯುತ್ತದೆ. ಆಮೇಲೆ ಪ್ರತಿ ಲೇಖನದ ಕಾಮೆಂಟ್ ಲೆಕ್ಕವನ್ನೂ ನೀವೇ ತಿದ್ದಬೇಕು, ಇಲ್ಲದಿದ್ದರೆ ಎಲ್ಲ ಕಡೆ ಸೊನ್ನೆ ಕಾಣುತ್ತದೆ.

ಹರಕುಡಂಪ್:

ಆ ಸೊನ್ನೆಗೇ ನಾನು ನೇರ ಬರೆಯಬೇಡಿ ಅಂದದ್ದು. ಆದರೆ ನಕಲು ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪಿದೆ.

ಅಲ್ಪವಿರಾಮ:

ಇನ್ನೊಂದು. 'ತೊಳೆ'ಯಲ್ಲಿ 'ಕಾಣದ ಅಕ್ಷರ ತೆಗೆಯುವ' ಫಂಕ್ಷನ್ ಎಲ್ಲಿಂದಲೋ ನಕಲು ಮಾಡಿ ಹಾಕಬೇಡಿ. ಕನ್ನಡದಲ್ಲಿ ಕಾಣದ ಅಕ್ಷರಕ್ಕೂ ಕೆಲಸ ಇದೆ, ಒತ್ತಕ್ಷರ ಆಗದಂತೆ ತಡೆಯುತ್ತದೆ. ಹಾಗೆ ತೊಳೆದು ನನ್ನ 'ಸಾಫ್ಟ್‌ವೇರ್' ಎಲ್ಲ 'ಸಾಫ್ಟ್ವೇರ್' ಆಗಿ ಕೂತಿದ್ದವು. ಹುಡುಕಿದರೂ ಸಿಗುತ್ತಿರಲಿಲ್ಲ.

ಉದ್ದಗೆರೆ:

ಹತ್ತು ದಿನ ಆಯಿತು, ವರದಿ ಒಪ್ಪಿಸುತ್ತೇನೆ.

ತೇಪೆ ಸಿಕ್ಕಿತು. ಗೆಳೆಯನ ಕೋಡಿನಲ್ಲಿ ಒಂದು ಇಫ್: ಲೇಖನದ ಐಡಿ 1,140ಕ್ಕಿಂತ ಕಡಿಮೆ ಇದ್ದರೆ ಲ್ಯಾಟಿನ್-1 ಕನೆಕ್ಷನ್, ಇಲ್ಲದಿದ್ದರೆ ಯುಟಿಎಫ್8. ಅವನಿಗೆ ಫೋನ್ ಮಾಡಿ ಕೇಳಿದೆ. 'ಓ ಅದಾ, ಆವತ್ತು ರಾತ್ರಿ ಬಹಳ ತಡ ಆಗಿತ್ತು' ಅಂದ.

ಆ ಮೂರು ಹೆಜ್ಜೆಯ ಕನ್ವರ್ಟ್ ಮೊದಲ ಸಲಕ್ಕೇ ಕೆಲಸ ಮಾಡಿತು. ಪರದೆ ಮೇಲೆ ಕನ್ನಡ ಮೂಡಿದ್ದು ನೋಡಿ ನಾನು ಎದ್ದು ಒಂದು ಸುತ್ತು ಓಡಾಡಿ ಬಂದೆ. ಆಮೇಲೆ ಕುತೂಹಲ ತಡೆಯದೆ ಪೈಥಾನಿನ ದಾರಿಯನ್ನೂ ಪರೀಕ್ಷಿಸಿದೆ. ನಿಜ, ಮೊದಲ ಕೊಂಬಿಗೇ ಬಿದ್ದಿತು.

ತುಂಡಾದ ಕಾಮೆಂಟುಗಳು 96. ಸೈಟು ಹೊಸ ಕಾಮೆಂಟ್ ಬಂದಾಗಲೆಲ್ಲ ನನಗೊಂದು ಮೇಲ್ ಕಳಿಸುತ್ತಿತ್ತು ಎಂಬುದು ಇದ್ದಕ್ಕಿದ್ದಂತೆ ನೆನಪಾಯಿತು. ಪೂರ್ತಿ ಪಠ್ಯ, ಎಮೋಜಿ ಸಮೇತ, ಮೇಲಿನಲ್ಲಿದೆ! ಮೇಲ್‌ಬಾಕ್ಸನ್ನು ಇಳಿಸಿಕೊಂಡು ಇನ್ನೊಂದು ಪುಟ್ಟ ಸ್ಕ್ರಿಪ್ಟ್ ಬರೆದೆ. 71 ಸಿಕ್ಕವು. ಉಳಿದ 25 ನಾನೇ ಎಂದೋ ಅಳಿಸಿದ ಮೇಲ್‌ಗಳಲ್ಲಿ ಹೋಗಿವೆ.

ಕಾಮೆಂಟಿಗೆ ನೇರಕ್ವೆರಿ ಅವರ ದಾರಿ ಹಿಡಿದೆ. ಎರಡು ಸಲ ರೋಲ್‌ಬ್ಯಾಕ್, ಮೂರನೆಯದು ಕಮಿಟ್.

ಈಗ ಹೊಸ ತೊಡಕು. 'ಓದುಗರ ಪ್ರಶ್ನೆಗಳಿಗೆ ಉತ್ತರ – ಭಾಗ 1', 'ಭಾಗ 2' ಎಂದು 40 ಕಂತಿನ ಸರಣಿ ಇದೆ. ಎಲ್ಲದರ ವಿಳಾಸವೂ 'ಉತ್ತರ'ದ ಹತ್ತಿರ ಕತ್ತರಿಸಿ, ಹಿಂದೆ 2, 3 ಎಂದು ಅಂಟಿಸಿಕೊಂಡಿವೆ. ಆ ಅಂಕಿ ಭಾಗದ ಅಂಕಿಗೆ ಹೊಂದುವುದೂ ಇಲ್ಲ. ಯಾಕೆ?

ಹರಕುಡಂಪ್:

ಆಹಾ, ಇದು ಚೆನ್ನಾಗಿದೆ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ವಿಳಾಸ ಮಾಡುವಾಗ ಕನ್ನಡವನ್ನು ಶೇಕಡಾ ಚಿಹ್ನೆಯ ರೂಪಕ್ಕೆ ಇಳಿಸುತ್ತದೆ. ಒಂದು ಬೈಟಿಗೆ ಮೂರು ಅಕ್ಷರ (ಶೇಕಡಾ ಚಿಹ್ನೆ, ಜೊತೆಗೆ ಬೈಟಿನ ಎರಡು ಅಂಕೆ), ಅಂದರೆ ಕನ್ನಡದ ಒಂದು ಸಂಕೇತಕ್ಕೆ ಒಂಬತ್ತು. ಆ ಕಾಲಮ್ಮಿನ ಮಿತಿ 200. ಭಾಗಿಸಿ ನೋಡಿ, ಕನ್ನಡಕ್ಕೆ ಸಿಗುವುದು 22 ಸಂಕೇತ, ಅದರಲ್ಲೂ ಕೊಂಬು, ಒತ್ತು, ಗುಡಿಸು ಎಲ್ಲವೂ ಒಂದೊಂದು ಲೆಕ್ಕ. ನಿಮ್ಮದನ್ನು ಕೈಯಲ್ಲಿ ಎಣಿಸಿದೆ: 'ಓದುಗರ' 5, 'ಪ್ರಶ್ನೆಗಳಿಗೆ' 12, 'ಉತ್ತರ' 5. ಒಟ್ಟು 22, ಒಂಬತ್ತರಿಂದ ಗುಣಿಸಿದರೆ 198, ನಡುವಿನ ಎರಡು ಅಡ್ಡಗೆರೆ ಸೇರಿ ಸರಿಯಾಗಿ 200! ಇಟ್ಟಂತೆ ಕೂತಿದೆ. 'ಭಾಗ'ಕ್ಕೆ ಜಾಗವೇ ಉಳಿದಿಲ್ಲ. ಎಲ್ಲವೂ ಒಂದೇ ವಿಳಾಸ ಆದಾಗ ಬಂದ ಸರದಿಯಲ್ಲಿ 2, 3 ಅಂಟುತ್ತದೆ.

ವಿಳಾಸವನ್ನು ಅದರ ಪಾಡಿಗೆ ಬಿಡಬೇಡಿ, 'ತೊಳೆ'ಯಲ್ಲೇ ನೀವು ಕೊಡಿ. ಹಳೇ ಐಡಿಯೇ ವಿಳಾಸದಲ್ಲಿದ್ದರೂ ಸಾಕು. ಹೇಗೂ ಹಳೇ ಕೊಂಡಿಗಳಿಂದ ಹೊಸದಕ್ಕೆ 301 ತಿರುವು ('ವಿಳಾಸ ಕಾಯಂ ಆಗಿ ಬದಲಾಗಿದೆ' ಎನ್ನುವ ಸೂಚನೆ) ಹಾಕಬೇಕಲ್ಲ, ಆ ಪಟ್ಟಿಯನ್ನೂ 'ತುಂಬು' ತಾನೇ ಬರೆದುಕೊಡಲಿ. ಮುಗಿಸುವ ಮುನ್ನ ಎಣಿಕೆ ತಾಳೆ ನೋಡಿ. ಒಟ್ಟು ಮೊತ್ತ ಒಂದೇ ನೋಡಿದರೆ ಸಾಲದು, ವರ್ಷವಾರು ನೋಡಿ. ಆಮೇಲೆ ಉದ್ದದ ಪ್ರಕಾರ ಜೋಡಿಸಿ ಮೇಲಿನ ಹತ್ತು, ಕೆಳಗಿನ ಹತ್ತು ಲೇಖನಗಳನ್ನು ಕಣ್ಣಾರೆ ಓದಿ.

ಉದ್ದಗೆರೆ:

ವರ್ಷವಾರು ಲೆಕ್ಕ ಪೂರ್ತಿ ಹೊಂದಿತು. ಆದರೆ ನಿಮ್ಮ ಕೊನೆಯ ಮಾತಿನಿಂದ ಹೊಸದೊಂದು ಹೊರಬಿತ್ತು.

ಹಳೇ ಡೇಟಾಬೇಸಿನಲ್ಲೇ ಬೈಟ್ ಉದ್ದದ ಪ್ರಕಾರ ಜೋಡಿಸಿದೆ. ಮೇಲಿನ ಏಳು ಲೇಖನಗಳ ಉದ್ದ 65,535, ಇಲ್ಲವೇ ಅದಕ್ಕಿಂತ ಒಂದೆರಡು ಕಡಿಮೆ. ಏಳೂ ಐಡಿ 1,140ರ ಒಳಗಿನವು. ಏಳೂ ವಾಕ್ಯದ ನಡುವೆ ನಿಲ್ಲುತ್ತವೆ.

ಅಲ್ಪವಿರಾಮ:

ಟೆಕ್ಸ್ಟ್ ಎಂಬ ಕಾಲಮಿನ ಮಿತಿ ಅದು, 65,535 ಬೈಟ್. ನೆಟ್ಟಗಿನ ಕನ್ನಡವಾದರೆ 21 ಸಾವಿರ ಸಂಕೇತ ಹಿಡಿಸುತ್ತದೆ. ನಿಮ್ಮ ಹಳೆಯವು ಎರಡು ಅಂಗಿ ತೊಟ್ಟಿದ್ದವಲ್ಲ, ಒಂದೊಂದಕ್ಕೂ 6ರಿಂದ 7 ಬೈಟ್. ಹತ್ತು ಸಾವಿರದ ಆಸುಪಾಸಿಗೇ ಚೀಲ ತುಂಬಿಹೋಗಿದೆ. ಹೊಸ ಸೈಟಿನಲ್ಲಿ ಅದು ಬಹು ದೊಡ್ಡ ಮಿತಿಯ ಲಾಂಗ್‌ಟೆಕ್ಸ್ಟ್, ಮತ್ತೆ ಆಗದು.

ಉದ್ದಗೆರೆ:

ಹಾಗಿದ್ದರೆ ಹತ್ತು ವರ್ಷದಿಂದ ಈ ಏಳಕ್ಕೆ ಕೊನೆಯೇ ಇರಲಿಲ್ಲ. ಒಂದರ ಕೆಳಗೆ ಓದುಗರೊಬ್ಬರು ಆಗಲೇ ಬರೆದಿದ್ದಾರೆ: 'ಮುಂದಿನ ಭಾಗ ಯಾವಾಗ?' ನಾನು ಅದಕ್ಕೆ 'ಸದ್ಯದಲ್ಲೇ' ಎಂದು ಉತ್ತರಿಸಿದ್ದೇನೆ.

ಐವರು ಲೇಖಕರ ಬಳಿ ಮೂಲಪ್ರತಿ ಇತ್ತು, ತರಿಸಿಕೊಂಡೆ. ಇನ್ನಿಬ್ಬರಿಗೆ ಪತ್ರ ಹಾಕಿದ್ದೇನೆ. ಬಂದ ಐದನ್ನು 'ತೊಳೆ'ಯ ಪಕ್ಕ ಬೇರೆ ಫೋಲ್ಡರಿನಲ್ಲಿಟ್ಟು, ಹಳೇ ಐಡಿಯನ್ನೇ ಫೈಲಿನ ಹೆಸರಾಗಿ ಕೊಟ್ಟು, ಅದು ಇದ್ದರೆ ಡೇಟಾಬೇಸಿನದ್ದನ್ನು ಬಿಟ್ಟು ಇದನ್ನು ತೆಗೆದುಕೊಳ್ಳಲು ನಾಲ್ಕು ಸಾಲು ಸೇರಿಸಿದೆ. ಮೂರೂ ಸ್ಕ್ರಿಪ್ಟನ್ನು ನಿನ್ನೆ ಮೊದಲಿಂದ ಓಡಿಸಿದೆ. ಇದು ಇಪ್ಪತ್ತಮೂರನೇ ಸಲ.